ಖಾಯಂ

ನಮ್ಮನೆ ಗೋಡೆ ಗಡಿಯಾರ ಇಪ್ಪತ್ತು ನಿಮಿಷ ಮುಂದೆ.
ಇಟ್ಟವಳು ಅತ್ತೆ ದೇವೀರಮ್ಮ,
ನಾನು ಗಾರ್ಮೆಂಟ್ಸಿಗೆ ಸೇರಿದ ವಾರ,
ಒರಳ ಮೇಲೆ ಹತ್ತಿ ನಿಂತು:
“ಬಸ್ಸು ತಪ್ಪಬಾರ್ದು ಕನವ್ವ.”

ಒಂದು ತಿಂಗಳು ತಪ್ಪಲಿಲ್ಲ.
ಆಮೇಲೆ ಮನೆಮಂದಿಗೆಲ್ಲ ಲೆಕ್ಕ ಬಂತು,
ಏಳು ಅಂದರೆ ಆರೂ ನಲವತ್ತು.
ಮಗಳು ಲಾವಣ್ಯ ಕಳೆಯುವುದು ಕಲಿತದ್ದೇ
ಆ ಗಡಿಯಾರ ನೋಡಿ.
ಈಗ ಓಡುತ್ತೇನೆ, ಮೊದಲಿನ ಹಾಗೇ,
ಬಾಯಲ್ಲಿ ಪಿನ್ನು, ಕಂಕುಳಲ್ಲಿ ಡಬ್ಬಿ.

ಮೊನ್ನೆ ಗೆಜ್ಜಲಗೆರೆಯಲ್ಲಿ, ಊಟದ ಬೆಲ್ಲಿಗೆ,
ಆಫೀಸಿನ ಹುಡುಗ ನಿಶ್ಚಲ್ ಹೇಳಿದ:
“ಕೆಲವು ದೇಶದಲ್ಲಿ ಬೇಸಗೆ ಬಂದರೆ
ಗಂಟೆ ಮುಂದಿಡುತ್ತಾರೆ ಆಂಟಿ, ಸಂಜೆ ಬೆಳಕು ಉಳಿಯುತ್ತೆ.
ನಾವೂ ಒಂದು ಗಂಟೆ ತಿರುಗಿಸಿ
ಅಲ್ಲೇ ಬಿಟ್ಟುಬಿಡಬೇಕು. ಖಾಯಂ.”

ಖಾಯಂ.
ಹದಿಮೂರು ವರ್ಷ ನಾನು ಕಾಯುತ್ತಿರುವ ಮಾತು
ಗಡಿಯಾರಕ್ಕೆ ಮೊದಲು ಸಿಕ್ಕೀತೋ ಏನೋ.

ನಕ್ಕೆ. ಆದರೆ ಮಷೀನಿಗೆ ಮರಳಿ
ಕಾಲರು ಹೊಲಿಯುತ್ತ ಅದನ್ನೇ ನೆನೆದೆ.
ಮಾರ್ಗಶಿರದಲ್ಲಿ ಬಸ್ಸು ಇಳಿಸುವುದು ಆರೂಕಾಲಿಗೆ,
ನಾಲೆ ಸೇತುವೆ ಹತ್ತಿರ.
ಅಲ್ಲಿಂದ ಏರಿ ಮೇಲೆ ಒಂದೂವರೆ ಮೈಲಿ,
ಎರಡೂ ಕಡೆ ಆಳೆತ್ತರ ಕಬ್ಬು,
ನಾಲ್ಕು ಕಂಬ, ಒಂದಕ್ಕೂ ಬಲ್ಬಿಲ್ಲ.
ಹೋದ ವರ್ಷ ಸಣ್ಣಪ್ಪನ ಗದ್ದೆಯಲ್ಲಿ ಚಿರತೆ ಮರಿ ಹಾಕಿತ್ತು.
ಚಿರತೆಯಾದರೂ ವಾಸಿ,
ಬೈಕು ನಿಲ್ಲಿಸಿ “ಬುಡ್ಲಾ ಅಕ್ಕ” ಅನ್ನುವುದಿಲ್ಲ.

ಒಂದು ಗಂಟೆ ಬೆಳಕು ಸಿಕ್ಕರೆ
ಏಳು ಹೆಂಗಸರೂ ಕೈ ಬೀಸಿ ನಡೆಯಬಹುದು.
ನಾಲೆ ಮೆಟ್ಟಿಲಲ್ಲಿ ಕೂತು, ಯಾರಿಗೂ ಹೇಳದೆ,
ಎರಡು ನಿಮಿಷ ನೀರಿಗೆ ಕಾಲು ಇಳಿಬಿಡಬಹುದು.
ಲಾವಣ್ಯ ಕಬಡ್ಡಿ ಮುಗಿಸಿಯೇ ಬರಬಹುದು.

ಹಾಲು ಕರೆಯುತ್ತಿದ್ದ ಅತ್ತೆಗೆ ಹೇಳಿದೆ.
ತಲೆ ಎತ್ತದೆ ಕೇಳಿದಳು: “ಬೆಳಗ್ಗೆಗೆ?
ಹಸ ಗಂಟೆ ಕೇಳ್ದಾ? ಕೆಚ್ಚಲು ತುಂಬಾದು ಹೊತ್ತು ನೋಡ್ಕಂಡು.
ಡೈರಿಯವ್ನು ಆರು ಅಂತಾನೆ, ಆಗ ನಿಜ್ವಾಗ್ಲೂ ಐದು.
ನೀನು ಬಸ್ಸಿಗೆ ಓಗಾದು ಕತ್ಲಲ್ಲಿ,
ಅದೇ ಏರಿ, ಅದೇ ಕಬ್ಬು.
ಬೆಳಗ್ಗೆ ಚಿರತೆ ರಜಾ ಹಾಕ್ತದಾ?”

“ಬೆಳಗಿನ ಕತ್ತಲಲ್ಲಿ ಕುಡಿದವರಿರಲ್ಲ ಅತ್ತೆ.”

ಹಾಲಿನ ಸದ್ದು ನಿಂತಿತು.
ಒಳಗೆ, ಮಾವನ ಫೋಟೋ ಇರುವ ಕಡೆ
ಒಮ್ಮೆ ನೋಡಿ, “ಅದು ಸರಿ” ಅಂದಳು.
ಮತ್ತೆ ಕೆಚ್ಚಲಿಗೆ ಕೈ ಹಾಕಿದಳು.

ನಮ್ಮೂರಲ್ಲಿ ಸೂರ್ಯನ ಹೆಸರೂ ಹೊತ್ತು.
ಹೊತ್ತು ಮೂಡ್ತು, ಹೊತ್ತು ಇಳೀತು,
ಹುಲ್ಲು ಹೊತ್ತು ಬರುವಾಗಲೂ ಅದೇ ಮಾತು, ನಮ್ಮ ನೆತ್ತಿಯ ಮೇಲಿನದು.
ಗಂಟೆಯ ಜಾತಿ ಬೇರೆ.
ಅದು ಗೇಟಿನಲ್ಲಿ ಕುರ್ಚಿ ಹಾಕಿ ಕೂತಿರುತ್ತದೆ,
ಐದು ನಿಮಿಷ ತಡವಾದರೆ ಅರ್ಧ ದಿನ ಕತ್ತರಿಸುತ್ತದೆ,
ಸಂಜೆ ಟಾರ್ಗೆಟ್ಟು ಮುಗಿಯದಿದ್ದರೆ
ಅದಕ್ಕೇ ಕಣ್ಣು ಕಾಣುವುದಿಲ್ಲ.
ನಾವು ಉಳಿಸಿದ ಬೆಳಕು
ಸೂಪರ್‌ವೈಸರ್ ಕಿಟಕಿಗೂ ಬೀಳುತ್ತದಲ್ಲ:
“ಇನ್ನೂ ಹೊತ್ತಿದೆ, ಐವತ್ತು ಪೀಸು ಎಳೆದುಬಿಡಿ.”

ಭಾನುವಾರ ಗಡಿಯಾರದ ಸೆಲ್ಲು ಮುಗಿದು
ಮುಳ್ಳು ಮೂರೂವರೆಯಲ್ಲಿ ನಿಂತಿತ್ತು.
ಅತ್ತೆಗೆ ಮಂಡಿನೋವು. ಈ ಸಲ ಒರಳು ಹತ್ತಿದ್ದು ನಾನು.
“ಎಷ್ಟಕ್ಕೆ ಇಡ್ಲಿ?”
ಅತ್ತೆ ನುಗ್ಗೆಮರದ ನೆರಳು ನೋಡಿದಳು.
“ಮಗೀನ ಕೇಳು. ಅದ್ಕೆ ಎತ್ಲಾಗೆ ಬೆಳಕು ಬೇಕೋ.”

ಲಾವಣ್ಯ ಹೋಮ್‌ವರ್ಕಿನಿಂದ ಕತ್ತೆತ್ತದೆ,
“ಎರಡೂ ಕಡೆ” ಅಂದಳು.
ಪುಟ ತಿರುಗಿಸಿ,
“ಆ ಕಂಬಗಳಿಗೆ ಬಲ್ಬು ಹಾಕ್ಸೋಕೆ ಏನವ್ವ ಕಷ್ಟ?”

ಯಾರೂ ಮಾತಾಡಲಿಲ್ಲ.
ಕೊಟ್ಟಿಗೆಯಲ್ಲಿ ಕರು ಅರಚಿತು, ಅದರ ಹೊತ್ತಿಗೆ.
ನಾನು ಮುಳ್ಳನ್ನು ಹಳೆಯ ಸುಳ್ಳಿಗೇ ತಿರುಗಿಸಿ
ಕೆಳಗಿಳಿದೆ.
ನಮ್ಮನೆಯಲ್ಲಿ ಆವತ್ತೂ
ಇಪ್ಪತ್ತು ನಿಮಿಷ ಮುಂಚೆಯೇ ಸಂಜೆಯಾಯಿತು.