ಕಾಫಿ ಡಬ್ಬದ ಲೆಕ್ಕಗಳು

ಅಕ್ಟೋಬರಿನಲ್ಲಿ ಭಾಗಾಕಾರ ಬರುತ್ತಿತ್ತು.
ಲಿನಿಯಾ ಕುರ್ಚಿಯ ಮೇಲೆ ಮಂಡಿಯೂರಿ
ಪೆನ್ಸಿಲ್ಲಿನ ತುದಿ ಕಚ್ಚುತ್ತ
ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತಿದ್ದಳು
ಕಾಗದದ ಕೆಳಅಂಚಿನವರೆಗೆ.
ನಾನು ಪುಟಕ್ಕೊಂದು ಹಸಿರು ಗೀಟು ಹಾಕಿ
ಮುಂದಿನ ಅಧ್ಯಾಯಕ್ಕೆ ಹೋದೆ.
ಪುಸ್ತಕವೂ ಹೋಯಿತು,
ಅದಕ್ಕೆ ಹಿಂದಿರುಗಿ ನೋಡುವ ರೂಢಿಯಿಲ್ಲ.

ಈಗ ಜನವರಿ. ನಾರ್ತ್ ಡಕೋಟ.
ಕಿಟಕಿಯಾಚೆ ಸೊನ್ನೆಗಿಂತ ಇಪ್ಪತ್ತೆಂಟು ಕೆಳಗೆ,
ಈಚೆ, ಅಡುಗೆಮನೆಯ ಮೇಜಿನ ಮೇಲೆ,
ಆರುನೂರ ಹನ್ನೆರಡನ್ನು ಒಂಬತ್ತರಿಂದ ಭಾಗಿಸಬೇಕು.
ಲಿನಿಯಾ ಅದನ್ನು ನೋಡುತ್ತಾಳೆ,
ಬೇಸಿಗೆ ಶಿಬಿರದಲ್ಲಿ ಒಂದು ವಾರ ಪಕ್ಕದಲ್ಲೇ ಮಲಗಿದ್ದು
ಈಗ ಹೆಸರು ಮರೆತ ಹುಡುಗಿಯನ್ನು ನೋಡುವಂತೆ.
"ಇದನ್ನು ನೀನು ಕಲಿಸಿಯೇ ಇಲ್ಲ."
ಕಲಿಸಿದ್ದೇನೆ. ಹಸಿರು ಗೀಟಿದೆ. ತೆಗೆದು ತೋರಿಸಿದೆ.
ತನ್ನದೇ ಕೈಬರಹ ಕಂಡು ಅವಳು ಅತ್ತಳು.

ತೋರಿಸಬಾರದಿತ್ತು.

ಆ ರಾತ್ರಿ ಹಳೆಯ ವರ್ಕ್‌ಬುಕ್ಕುಗಳಿಗೆ ಕತ್ತರಿ ಹಾಕಿದೆ.
ಮಗ್ಗಿಗಳು, ಭಿನ್ನರಾಶಿಗಳು, ಮುಳ್ಳಿಲ್ಲದ ಗಡಿಯಾರಗಳು,
ಎಂಟಕ್ಕೆ ಹೊರಟು ಇನ್ನೂ ಊರು ಮುಟ್ಟದ ಒಂದು ರೈಲು,
ಎಲ್ಲವನ್ನೂ ಚೀಟಿಯಾಗಿ ಮಡಚಿ
ಖಾಲಿ ಕಾಫಿ ಡಬ್ಬಕ್ಕೆ ತುಂಬಿದೆ.
ಧಾನ್ಯದ ಗೋದಾಮಿನ ಪಾಳಿ ಮುಗಿಸಿ ಬಂದ ಆರ್ಲೆನ್
ಬೂಟು ಬಿಚ್ಚುತ್ತ ಕೇಳಿದ, "ಲಾಟರಿಯೋ?"
"ದಿನಕ್ಕೆ ಐದು. ಬಂದದ್ದನ್ನು ಮಾಡಬೇಕು. ಹೊಸ ಪಾಠ ಆಮೇಲೆ."
"ಮೇ ತಿಂಗಳಿಗೆ ಪುಸ್ತಕ ಮುಗಿಯುತ್ತದೆಯೋ?"
"ಇಲ್ಲ" ಎಂದೆ.
ಅವನು ಸ್ವಲ್ಪ ಹೊತ್ತು ಬೇಲಿಯ ಮಾತಾಡಿದ:
ನೆಲ ಹೆಪ್ಪುಗಟ್ಟಿ ಉಬ್ಬಿ ಗೂಟಗಳನ್ನು ಮೇಲೆ ದೂಡುತ್ತದಂತೆ,
ಪ್ರತಿ ಏಪ್ರಿಲ್ ಮತ್ತೆ ಬಡಿಯಬೇಕಂತೆ,
ಹೋದ ವರ್ಷ ಬಡಿದ ಅದೇ ಗೂಟ, ಅದೇ ಕುಳಿ.
ಇದು ನನಗೆ ಹೇಳಿದ ಸಮಾಧಾನವೋ
ನಿಜಕ್ಕೂ ಬೇಲಿಯದೇ ಚಿಂತೆಯೋ,
ಹದಿಮೂರು ವರ್ಷ ಸಂಸಾರ ಮಾಡಿಯೂ ನನಗೆ ತಿಳಿಯದು.

ಮೊದಲ ವಾರ ಬರೀ ರಂಪ.
ಓಟಿಸನ ಕೈಗೆ ಬರೀ ಎರಡರ ಮಗ್ಗಿ,
ಲಿನಿಯಾಳಿಗೆ ಮೂರು ದಿನವೂ ಅದೇ ರೈಲು.
"ಮೋಸ! ನೀನೇ ಮೇಲೆ ಇಟ್ಟಿದ್ದೀಯ!"
ಬರೆಯಲು ಬಾರದ ಐದು ವರ್ಷದ ಬ್ರಿಟಾ
ತಾನೂ ಒಂದು ಚೀಟಿ ಹಾಕಿದ್ದಳು:
ಒಂದು ಬೆಕ್ಕಿನ ಚಿತ್ರ, ಕೂಡುವ ಗುರುತು, ಇನ್ನೊಂದು ಬೆಕ್ಕು.
ನಿಯಮವೆಂದರೆ ನಿಯಮ. ಅಕ್ಕ ಉತ್ತರ ಬರೆದಳು:
"ವಸಂತಕ್ಕೆ ಏಳು."

ಕಳೆಯುವುದು, ಕೂಡುವುದು. ದಿನಗಳೂ ಕಳೆದವು.
ಹದಿನೈದು ನಿಮಿಷ, ಆಮೇಲೆ ಹನ್ನೆರಡು.
ಚೀಟಿಗಳು ಮಡಚಿ ಬಿಚ್ಚಿ ಮಡಚಿ
ಬಟ್ಟೆಯಂತೆ ಮೆತ್ತಗಾದವು,
ಒಂದೆರಡಕ್ಕೆ ಜಾಮಿನ ಕಲೆ.
ಮಾರ್ಚಿನ ಒಂದು ಬೆಳಿಗ್ಗೆ
ಟೋಸ್ಟ್ ಅಗಿಯುತ್ತಲೇ ಅವಳೆಂದಳು: ಅರವತ್ತೆಂಟು,
ಶೇಷ ಸೊನ್ನೆ.
ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳು ಬೆಣ್ಣೆ ಕೇಳಿದಳು.

ಅದೇ ಮಧ್ಯಾಹ್ನ ಹೊಸ ಪಾಠ,
ಮುಕ್ಕಾಲನ್ನು ಐದನೇ ಎರಡರಿಂದ ಭಾಗಿಸುವುದು.
ನಾನು ಹಲಗೆಯ ಮುಂದೆ ನಿಂತು
ಮುಕ್ಕಾಲನ್ನೇ ತಲೆಕೆಳಗು ಮಾಡಿ ಗುಣಿಸಿದೆ,
ಉತ್ತರಸೂಚಿ ಒಪ್ಪಲಿಲ್ಲ. ಮತ್ತೆ ಗುಣಿಸಿದೆ.
ಬೆನ್ನ ಹಿಂದೆ ಪುಟ ತಿರುವುವ ಸದ್ದು.
"ಅಮ್ಮ, ತಿರುಗಿಸಬೇಕಾದ್ದು ಎರಡನೆಯದು."
"ಇದನ್ನು ನನಗೆ ಯಾರೂ ಕಲಿಸಿಯೇ ಇಲ್ಲ" ಎಂದುಬಿಟ್ಟೆ,
ಬಾಯಿಂದ ಬಿದ್ದ ಮೇಲೆ ಕೇಳಿಸಿತು.
ಕಲಿಸಿದ್ದರು. ಮಿಸೆಸ್ ಹೌಗೆನ್, ಆರನೇ ತರಗತಿ,
ಹೀಟರಿನ ಪಕ್ಕದ ಸಾಲು, ಒದ್ದೆ ಉಣ್ಣೆಯ ವಾಸನೆ.
ವಾಸನೆ ಉಳಿದಿದೆ.

ಲಿನಿಯಾ ನಗಲಿಲ್ಲ, ಹಸಿರು ಗೀಟನ್ನೂ ಹುಡುಕಲಿಲ್ಲ.
ಆ ಲೆಕ್ಕವನ್ನು ದುಂಡಗೆ ಒಂದು ಚೀಟಿಯಲ್ಲಿ ಬರೆದು,
ಮೂಲೆಯಲ್ಲಿ "ಅಮ್ಮನದು" ಎಂದು ಗುರುತು ಹಾಕಿ,
ಡಬ್ಬದೊಳಗೆ ಮೊಣಕೈವರೆಗೆ ಕೈಯಿಳಿಸಿ
ತಳದಲ್ಲಿ ಎಲ್ಲೋ ಬಿಟ್ಟಳು,
ಮುಚ್ಚಳ ಒತ್ತಿ, ಕಿವಿಯ ಬಳಿ ಹಿಡಿದು
ಅಲ್ಲಾಡಿಸಿದಳು.