ಇಲ್ಲಿ ಏನೂ ಇಲ್ಲ

ಹಾಪ್ಸಲುವಿಗೆ ರೈಲು ನಿಂತುಹೋಗಿ ಎಷ್ಟೋ ವರ್ಷ,
ಪ್ಲಾಟ್‌ಫಾರಂ ಮಾತ್ರ ಇನ್ನೂ ಉದ್ದಕ್ಕೆ ಮಲಗಿದೆ.
ಅದರ ಹಿಂದಿನ ಬೀದಿಯಲ್ಲಿ
ಹೊಲಿಗೆ ಅಂಗಡಿಯ ನೆಲಮಾಳಿಗೆಯೊಳಗೆ
ನಾನು ಕಾಯುವ ಸರ್ವರು,
ಚಳಿಗಾಲದಲ್ಲಿ ಅದರ ನೆತ್ತಿಯ ಮೇಲೆ
ಒದ್ದೆ ಕೈಗವಸು ಒಣಗಿಸುತ್ತೇನೆ.

ಉರ್ವೆ ಫೋನು ಮಾಡಿದ್ದು ರಾತ್ರಿ ಹತ್ತೂವರೆಗೆ.
"ಲೆಂಬಿತ್, ನಮ್ಮ ಮನೆಯ ಕಾಗದ
ಹೊರಗೆ ಕಾಣುತ್ತಿದೆಯಂತೆ."
ನಮ್ಮ ಮನೆ ಎಂದರೆ ಅವಳ ಮನೆಯಲ್ಲ.
ಹೊಡೆತ ತಿಂದು ಬಂದ ಹೆಂಗಸರು
ಚಪ್ಪಲಿಯ ಜೊತೆ ಹೆಸರನ್ನೂ ಬಾಗಿಲಲ್ಲಿ ಕಳಚಿಟ್ಟು
ಮಲಗುವ ಮನೆ. ಟಪಾಲಿನವನಿಗೂ
ವಿಳಾಸ ಗೊತ್ತಿಲ್ಲ.

ದಾರಿಹೋಕನ ಹಾಗೆ ಟೈಪು ಮಾಡಿ ನೋಡಿದೆ.
ಪಾಸ್‌ವರ್ಡು ಕೇಳಲಿಲ್ಲ, ನೀನು ಯಾರು ಅನ್ನಲಿಲ್ಲ.
ಬಿಳಿ ಪುಟ, ಕರೀ ಅಕ್ಷರ,
ಹೆಸರು, ತಾರೀಕು, ತೂಕ:
ಸಂತೆಯಲ್ಲಿ ಚಾಪೆ ಹಾಸಿ ಹರಡಿದ ಹಾಗೆ.
ಮೈಮು, ಹನ್ನೆರಡು ಫೋಟೊ.
ಸಾಲ್ಮೆ, ಡಾಕ್ಟರ ಚೀಟಿ.
ಹೆಲ್ಯು, ಮಕ್ಕಳ ಶಾಲೆ, ಹೊಸ ಊರು.

ತಪ್ಪು ಯಾರದ್ದೂ ಅಲ್ಲ, ಅಂದರೆ ನನ್ನದೇ.
ಹಳೇ ಡಿಸ್ಕಿನಿಂದ ಹೊಸದಕ್ಕೆ ಸಾಗಿಸುವಾಗ
ಚುಕ್ಕಿಯಿಂದ ಶುರುವಾಗುವ ಆ ಒಂದು ಫೈಲು
(ಕಣ್ಣಿಗೆ ಬೀಳದಿರಲೆಂದೇ ಆ ಚುಕ್ಕಿ)
ನನ್ನ ಕಣ್ಣಿಗೂ ಬೀಳದೆ ಹಿಂದುಳಿದಿತ್ತು.
ಸಾಮಾನೆಲ್ಲ ಬಂತು, ಚಿಲಕ ಬರಲಿಲ್ಲ.

ಇನ್ನೊಂದನ್ನೂ ಮಾಡಿದ್ದೆ, ಜಾಣತನದಲ್ಲಿ:
ಹುಡುಕುವ ಯಂತ್ರಗಳು ಮೊದಲು ಓದುವ ಚೀಟಿಯಲ್ಲಿ
ಈ ಓಣಿಗೆ ಬರಬೇಡಿ ಎಂದು ಬರೆದಿಟ್ಟಿದ್ದೆ.
ಸಭ್ಯರು ಓದಿ ತಿರುಗಿ ಹೋದರು.
ಮಿಕ್ಕವರಿಗೆ ಅದೇ ಕೈಮರ.

ಪಟ್ಟಿ ತೋರಿಸುವುದನ್ನು ನಿಲ್ಲಿಸಿದೆ.
ಒಂದೊಂದು ಫೋಲ್ಡರಿಗೂ ಬೀಗ ಹಾಕಿದೆ.
ಹೊರಗಿನಿಂದ ಮತ್ತೆ ತಟ್ಟಿದೆ.
ನಾನೂರ ಮೂರು, ಅಂದಿತು ಯಂತ್ರ,
ನಿಮಗೆ ಪ್ರವೇಶವಿಲ್ಲ.
ಸದ್ಯ, ಎಂದು ಎದ್ದು ಚಹಾಕ್ಕೆ ನೀರಿಟ್ಟೆ.

ನೀರು ಕುದಿಯುವ ಮೊದಲೇ ಹೊಳೆಯಿತು:
ಪ್ರವೇಶವಿಲ್ಲ ಅಂದರೆ ಒಳಗೆ ಇದ್ದಾಳೆ ಅಂತ.
ಮೈಮುವಿನ ಗಂಡ ಬಂದು ತಟ್ಟುತ್ತಾನೆ ಅನ್ನಿ,
(ತಟ್ಟುವುದು ಅವನಿಗೆ ಹೊಸದಲ್ಲ)
ಊರ ಹೆಂಗಸರ ಹೆಸರೆಲ್ಲ ಒಂದೊಂದಾಗಿ ಕೇಳುತ್ತಾನೆ.
ಇಲ್ಲ, ಇಲ್ಲ, ಇಲ್ಲ ಅನ್ನುತ್ತ ಬಂದ ಯಂತ್ರ
ಒಂದೇ ಒಂದು ಹೆಸರಿಗೆ
ನೀನು ಬರಬೇಡ ಅಂದರೆ
ಸಿಕ್ಕಳಲ್ಲ!

ನಮ್ಮಜ್ಜಿ, ಆ ವರ್ಷದ ಮಾರ್ಚಿನಲ್ಲಿ,
ಬೂಟಿನವರು ಪಟ್ಟಿ ಹಿಡಿದು ಅಂಗಳಕ್ಕೆ ಬಂದಾಗ,
ಅಟ್ಟದ ಹುಲ್ಲಿನೊಳಗೆ ಪಕ್ಕದ ಮನೆಯವಳಿದ್ದಳು.
ಒಳಗೆ ಬರಬೇಡಿ ಅನ್ನಲಿಲ್ಲ ಅಜ್ಜಿ.
ಹಾಲು ಕರೆಯುವುದನ್ನು ನಿಲ್ಲಿಸದೆ
"ಯಾರು?" ಅಂದಳಂತೆ.
"ಆ ಹೆಸರಿನವರು ಈ ಊರಲ್ಲಿದ್ದಾರೆಯೆ?"

ಸಾಲು ತಿದ್ದಿದೆ.
ಈಗ ಯಾವ ಹೆಸರು ಹಿಡಿದು ಕೂಗಿದರೂ ನಾನೂರ ನಾಲ್ಕು,
ಇಲ್ಲಿ ಏನೂ ಇಲ್ಲ.
ಆಮೇಲೆ ಕಾಗದಗಳನ್ನೇ ಎತ್ತಿ
ಬೀದಿಗೆ ಬಾಗಿಲೇ ಇಲ್ಲದ ಕೋಣೆಯಲ್ಲಿಟ್ಟೆ.

ಲಾಗು ತೆಗೆಯುವ ಧೈರ್ಯ ಬಂದದ್ದು ಒಂದು ಗಂಟೆಗೆ.
ತೆರೆದಿದ್ದದ್ದು ಒಂಬತ್ತು ದಿನ. ಬಂದುಹೋದವರು ಮೂವತ್ತೊಂದು.
ಮೂವತ್ತು ಯಂತ್ರಗಳು, ಬಂದ ಕ್ಷಣವೇ ಮಾಯ.
ಇನ್ನೊಂದಕ್ಕೆ ಅವಸರವಿರಲಿಲ್ಲ.
ಹೆಲ್ಯುವಿನ ಫೈಲು ತೆಗೆದು, ನಾಲ್ಕು ನಿಮಿಷ ಬಿಟ್ಟು,
ಮತ್ತೆ ಅದನ್ನೇ ತೆಗೆದಿತ್ತು.

"ಎಬ್ಬಿಸು" ಅಂದೆ ಫೋನಿನಲ್ಲಿ,
"ಮಕ್ಕಳಿಗೆ ಬೆಚ್ಚಗೆ ಹಾಕಲಿ."
ಉರ್ವೆ ಮಾತಾಡಲಿಲ್ಲ. ಕಾರು ಕೆಮ್ಮಿ
ಹೊತ್ತಿಕೊಂಡದ್ದು ಕೇಳಿಸಿತು.

ಎರಡು ದಿನ ಬಿಟ್ಟು ಅವಳ ಅಡುಗೆಮನೆಯಲ್ಲಿ ಕೂತು ಕೇಳಿದೆ,
ಹೆಲ್ಯುವನ್ನು ಕೊನೆಗೆ ಎಲ್ಲಿ ಬಿಟ್ಟು ಬಂದೆ ಅಂತ.
ರೊಟ್ಟಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸದೆ
"ಯಾರು?" ಅಂದಳು.