ಇತರೆ

ಮೊದಲ ದಿನ, ರಚ್ಚಿನ ಗುಡ್ಡೆಯ ಪಕ್ಕ
ಎಣಿಸಿಕೊಳ್ಳಲು ನಿಂತವರ ಹಾಗೆ ನಿಂತರು, ಒಂಬತ್ತು ಜನ.
ಗನ್ನು ಹಣೆಗೆ ಹಿಡಿದರೆ ಒಬ್ಬ ಕಣ್ಣು ಮುಚ್ಚಿದ.
ಜ್ವರ ನೋಡೋದು ಕಣಪ್ಪ ಇದು, ಅಂದೆ.
ಅವನಿಗೆ ಕನ್ನಡ ಬರದು. ನನಗೆ ಹಿಂದಿ
ಟಿವಿಯಲ್ಲಿ ಕಿವಿಗೆ ಬಿದ್ದಷ್ಟು.

ಆಲೆಮನೆ ನಿಂತು ಹನ್ನೊಂದು ದಿನ.
ಕಡಿಯದ ಕಬ್ಬು ಸೂಲಂಗಿ ಒಣಗಿಸಿಕೊಂಡು ನಿಂತಿತ್ತು.
ಕೊಪ್ಪರಿಗೆಯ ತಳದಲ್ಲಿ ಒಂದಿಷ್ಟು ಮಳೆನೀರು, ಸತ್ತ ಕಣಜ.
ಯಜಮಾನರು ಅಕ್ಕಿ ಬೇಳೆ ಕೊಟ್ಟಿದ್ದರು,
ಗೋಧಿಹಿಟ್ಟನ್ನು ಮಂಡ್ಯದಿಂದ ತರಿಸಿಕೊಟ್ಟಿದ್ದರು.
ಊಟಕ್ಕೇನೂ ಕಮ್ಮಿ ಇರಲಿಲ್ಲ, ಅದನ್ನೂ ಹೇಳಬೇಕು.

ಹೆಸರು: ತೇಜ್‌ವೀರ. ಊರು: ಬಿಜನೋರು.
ಕೆಲಸ: ಪಾಕ ನೋಡುವುದು.
ಕುದಿಯುವ ಸದ್ದು ಕೇಳಿಯೇ ಇಳಿಸುವ ಹೊತ್ತು ಹೇಳುತ್ತಾನಂತೆ.
ಈಗ ನಿದ್ದೆ ಇಲ್ಲ. ನಡುರಾತ್ರಿ ಎದ್ದು
ಖಾಲಿ ಕೊಪ್ಪರಿಗೆಗೆ ಹುಟ್ಟು ಹಾಕಿ ತಿರುವುತ್ತಾನೆ.
ಕರ್ರ್ ಕರ್ರ್ ಅಂತ ಅದು ನಾಲೆಯಾಚೆ ನಮ್ಮ ಮನೆಗೂ ಕೇಳುತ್ತಿತ್ತು,
ನಮ್ಮತ್ತೆ ಗಾಳಿಯೋ ಪೀಡೆಯೋ ಅಂದುಕೊಂಡು
ಬಾಗಿಲಿಗೆ ಬೇವು ಸಿಕ್ಕಿಸಿದ್ದರು.

ಏನಾಗ್ತದೆ? ಕೈ ಆಡಿಸಿ ಕೇಳಿದೆ.
ಎದೆ ಮುಟ್ಟಿಕೊಂಡು ಅಂದ: ಘಬ್‌ರಾಹಟ್.
ಅರೆ, ಗಾಬರೀನಾ?
ಗಾಬರಿ, ಅಂದ ಅವನೂ, ಬಾಯಲ್ಲಿ ತಿರುವಿ,
ಪಾಕದ ತೊಟ್ಟನ್ನು ನೀರಿಗೆ ಬಿಟ್ಟು
ಬೆರಳಲ್ಲಿ ಒತ್ತಿ ನೋಡುವ ಹಾಗೆ.
ಹದ ಸಿಕ್ಕಿತೇನೋ. ತಲೆಯಾಡಿಸಿದ.
ಗಾಬರಿ.

ಫಾರಂನಲ್ಲಿ ಜ್ವರ, ಕೆಮ್ಮು, ಉಸಿರು, ಪ್ರಯಾಣ.
ಕೊನೆಗೊಂದು ಸಣ್ಣ ಚೌಕ, ಇತರೆ.
ಅಲ್ಲಿ ಬರೆದೆ.
ಸಂಜೆ ಕೆರಗೋಡಿನಿಂದ ಫೋನು:
ಗಾಬರಿ ಗೀಬರಿ ಎಲ್ಲ ಬರೀಬೇಡಿ ಸಣ್ಣತಾಯಮ್ಮ,
ಕಂಪ್ಯೂಟರ್ ತಗೊಳ್ಳಲ್ಲ.
ಹೊಡೆದುಹಾಕಿ ಇಲ್ಲ ಅಂತ ಬರೆದೆ.

ಮಾರನೆಯ ದಿನ ಗನ್ನು ಹಿಡಿದು, ಇಲ್ಲ ಬರೆದು,
ಸುಮ್ಮನೆ ಕೂತೆ, ಆರಡಿ ಬಿಟ್ಟು, ಗಾಣದ ಕಟ್ಟೆ ಮೇಲೆ.
ಅವನ ಭಾಷೆಯಲ್ಲಿ ಅವನು ಮಾತಾಡಿದ.
ಒಂದು ಹೆಂಗಸಿನ ಹೆಸರು ಮೂರು ಸಲ ಬಂತು.
ಕೈಯಲ್ಲಿ ಕೊಂಬು ಬರೆದು ತೋರಿಸಿದ, ಎಮ್ಮೆ ಇರಬೇಕು.
ರೈಲು ಬಂತು. ರೈಲು ಅಲ್ಲೂ ರೈಲೇ.
ಹೂಂ ಅಂದೆ. ಎಲ್ಲಿ ಹೂಂ ಅನ್ನಬೇಕು ಅನ್ನೋದು
ಹೇಗೋ ಗೊತ್ತಾಗುತ್ತದೆ.

ಎಷ್ಟು ದಿನ ಹೀಗೆ ಕೂತೆನೋ, ಲೆಕ್ಕ ಇಟ್ಟಿಲ್ಲ.
ಭೇಟಿಗೆ ಇಷ್ಟು ಅಂತ ದುಡ್ಡು ಕೊಡುವವರೂ ಎಣಿಸಲಿಲ್ಲ.
ಎರಡು ರಾತ್ರಿ ಹುಟ್ಟಿನ ಸದ್ದು ನಿಂತಿತ್ತು,
ನಮ್ಮತ್ತೆ ಬೇವಿಗೆ ಕೈಮುಗಿದರು.
ಮೂರನೆಯ ರಾತ್ರಿ ಮತ್ತೆ.

ಮೇ ತಿಂಗಳಲ್ಲಿ ಬಸ್ಸು ಬಂತು.
ಚೀಲ ಹೊತ್ತು ಎಲ್ಲ ಹತ್ತಿದರು. ಮೆಟ್ಟಿಲ ಮೇಲೆ ಅವನು ತಿರುಗಿ
ನನ್ನ ಕಡೆ ಬೆರಳು ಮಾಡಿ ಕೇಳಿದ: ಗಾಬರಿ?

ಬೀದಿಯಲ್ಲಿ ಗುಲಾಬಿ ಸೀರೆ ಕಂಡರೆ ಬಾಗಿಲು ಹಾಕುತ್ತಿದ್ದ ದಿನಗಳು.
ಹಿತ್ತಿಲಲ್ಲೇ ನನ್ನ ಸ್ನಾನ, ನನ್ನ ತಟ್ಟೆ.
ಮಗಳು ನನ್ನ ಮೈಮೇಲೆ ಬಿದ್ದು ಮಲಗಿ ಎರಡು ತಿಂಗಳು.

ಇಲ್ಲ, ಅಂದೆ,
ಫಾರಂ ತುಂಬುವಷ್ಟೇ ಬೇಗ.

ಆ ರಾತ್ರಿ ನಾಲೆಯ ಕಡೆಯಿಂದ ಏನೂ ಇಲ್ಲ.
ನೀರು ಬಿಟ್ಟಿರಲಿಲ್ಲ.
ಕೇಳುತ್ತಾ ಇದ್ದೆ.